ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂ ನೋಡಲು ಹೋಗುವವರಿಗೆ
ಇಂಗ್ಲೆಂಡಿನ ಬೋವಿಂಗ್ಟನ್‌ಗೆ ಹೋದರೆ ಮೊದಲು ಉದ್ದಕ್ಕೆ ಸೀಳಿಟ್ಟಿರುವ ಬ್ರಿಟಿಷ್ ಟ್ಯಾಂಕ್ ಸೆಂಚುರಿಯನ್ ಹತ್ತಿರ ಹೋಗಿ. ಚಾಲಕ, ಗನ್ನರ್, ಎಂಜಿನ್ ಎಲ್ಲೆಲ್ಲಿ ಅಂತ ಗೊತ್ತಾದ ಮೇಲೆ ಉಳಿದ ಟ್ಯಾಂಕುಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. 1915ರ ಲಿಟಲ್ ವಿಲ್ಲಿ ಎಂಬ ಮೊಟ್ಟಮೊದಲ ಮಾದರಿ ಟ್ಯಾಂಕನ್ನಂತೂ ಬಿಡಲೇಬೇಡಿ.

ಸೋವಿಯತ್ ಟ್ಯಾಂಕ್ ಟಿ-34 ಅನ್ನು ಎದುರಿನಿಂದಲ್ಲ, ಪಕ್ಕದಿಂದ ನೋಡಿ. ಮುಂಭಾಗದ ಮೇಲಿನ ಉಕ್ಕಿನ ಹಲಗೆಯ ದಪ್ಪ 45 ಮಿ.ಮೀ. ಮಾತ್ರ, ಆದರೆ ಲಂಬದಿಂದ 60 ಡಿಗ್ರಿ ವಾಲಿರುವುದರಿಂದ ನೇರ ಬರುವ ಗುಂಡು 90 ಮಿ.ಮೀ. ಉಕ್ಕು ದಾಟಬೇಕು. ಆ ಓರೆಯಲ್ಲೇ ಇರೋದು ಅದರ ಜಾಣತನ! 1943ರಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ವಶವಾದ ಜರ್ಮನ್ ಟ್ಯಾಂಕ್ ಟೈಗರ್ 131ರ ಫಿರಂಗಿ ಬುಡದಲ್ಲಿ ಗುಂಡು ಕೆತ್ತಿದ ಗಾಯವಿದೆ, ಬಗ್ಗಿ ನೋಡಿ.

ಫೋಟೋ ತೀರಾ ಹತ್ತಿರದಿಂದ ತೆಗೆದರೆ ನಳಿಗೆ ಉಬ್ಬಿ ಕಾಣುತ್ತದೆ, ಮೂಲೆಯಿಂದ ತೆಗೆಯಿರಿ. ಟ್ಯಾಂಕ್ ಓಡಿಸುವ ದಿನವಾದರೆ ಮಕ್ಕಳಿಗೆ ಇಯರ್ ಪ್ಲಗ್ ಬೇಕೇ ಬೇಕು.