ಅಡಿಕೆ ಅಂಗಳದಲ್ಲಿ 207ರ ಎಂಜಿನ್ ಇಳಿಸಿದ್ದು

ನನ್ನ ಟಾಟಾ 207 ಡಿಐ ಪಿಕಪ್ 2006ರ ಗಾಡಿ. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಅಡಿಕೆ, ಗೊಬ್ಬರ, ಹುಲ್ಲು ಎಲ್ಲವನ್ನೂ ಅದೇ ಹೊತ್ತಿದೆ. ಹೋದ ಬೇಸಿಗೆಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಕ್ಲಚ್ ಜಾರತೊಡಗಿತು. ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಹೇಗೋ ಮನೆ ಸೇರಿ ಅಡಿಗೆ ಬಗ್ಗಿ ನೋಡಿದರೆ ಬೆಲ್ ಹೌಸಿಂಗಿನ, ಅಂದರೆ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಎರಕದ ಕವಚದ, ಕೆಳಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿತ್ತು.

ಅಷ್ಟೇ ಆಗಿದ್ದರೆ ಗೇರ್ ಬಾಕ್ಸ್ ಇಳಿಸಿದರೆ ಸಾಕಿತ್ತು. ಆದರೆ ಬ್ಯಾಕ್ ಕಂಪ್ರೆಶನ್, ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ರಿಂಗು ದಾಟಿ ಕೆಳಗೆ ಸೋರುವುದು ಕೂಡ ಜೋರಾಗಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಇಡ್ಲಿ ಪಾತ್ರೆ ತೆರೆದ ಹಾಗೆ ಹಬೆ ನುಗ್ಗುತ್ತಿತ್ತು. ರಿಂಗು, ಪಿಸ್ಟನ್ ನೋಡಲೇಬೇಕು. ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್ ಗಾಡಿ ಎಳೆಸಿಕೊಂಡು ಹೋಗುವ ಬದಲು ಎಂಜಿನ್ ಮಾತ್ರ ಅಲ್ಲಿನ ಲೇತಿನವರಿಗೆ ಕಳಿಸೋಣ ಎಂದು ತೀರ್ಮಾನ ಮಾಡಿದೆ. ಹುಡುಗನಾಗಿದ್ದಾಗ ಎರಡು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಎಂಜಿನ್ ಇಳಿಸುವುದನ್ನು ನೋಡಿದ್ದೆ, ಪಾನಾ ಕೊಟ್ಟಿದ್ದೆ. ಸ್ವಂತ ಜವಾಬ್ದಾರಿಯಲ್ಲಿ ಇಳಿಸಿದ್ದು ಇದೇ ಮೊದಲು.

ಈ ಗಾಡಿಯ ಎಂಜಿನ್ನಿಗೆ 497 ಎಂದು ಹೆಸರು. 4 ಸಿಲಿಂಡರ್, ಒಂದೊಂದರ ಬೋರು 97 ಮಿಲಿಮೀಟರ್. ಸ್ಟ್ರೋಕ್ 100. ಲೆಕ್ಕ ಹಾಕಿದರೆ 2956 ಸಿಸಿ ಬರುತ್ತದೆ. ಎರಕದ ಕಬ್ಬಿಣದ ಗಟ್ಟಿ ಮುದ್ದೆ. ನಾಲ್ಕು ಜನ ಸೇರಿ ಎತ್ತುವ ವಸ್ತು ಅಲ್ಲ. ಆದರೆ ನನ್ನ ಗಾಡಿಯಲ್ಲಿ ಎಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ, ಸೆನ್ಸರುಗಳ ಕಾಟವೂ ಇಲ್ಲ. ಬಾನೆಟ್ ಎತ್ತಿದರೆ ಏನು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವ ಧೈರ್ಯ ಬಂದದ್ದು ಅದರಿಂದಲೇ.

ಜಾಗ ಎಂದರೆ ನಮ್ಮ ಅಡಿಕೆ ಅಂಗಳ. ಸಿಮೆಂಟಿನ ನೆಲ, ಮಟ್ಟವಾಗಿದೆ. ಆದರೆ ಅದೇ ನೆಲದ ಮೇಲೆ ಮುಂದಿನ ಕೊಯ್ಲಿನ ಅಡಿಕೆ ಒಣಗಬೇಕು. ಅಮ್ಮ ಒಂದೇ ಮಾತು ಹೇಳಿದರು, ಎಣ್ಣೆಯ ಒಂದು ಕಲೆಯೂ ಉಳಿಯಬಾರದು ಎಂದು. ದಪ್ಪ ಟಾರ್ಪಾಲು ಹಾಸಿ, ಅದರ ಮೇಲೆ ಭತ್ತದ ಉಮಿ ಹರಡಿದೆ. ಕೂಲೆಂಟ್ ವಿಷಯದಲ್ಲಂತೂ ನಾನೇ ಜಾಸ್ತಿ ಎಚ್ಚರ ವಹಿಸಿದೆ. ಅದು ಸಿಹಿ ಇರುತ್ತದೆ. ನಾಯಿ, ದನ ನೆಕ್ಕಿದರೆ ವಿಷ. ರೇಡಿಯೇಟರ್ ಬಸಿದದ್ದನ್ನು ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಮೊದಲು ಕೊಟ್ಟಿಗೆಯಿಂದ ದೂರ ಇಟ್ಟು ಬಂದೆ.

ಬಿಚ್ಚುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಬ್ಯಾಟರಿಯ ನೆಗೆಟಿವ್ ಮೊದಲು. ಬಾನೆಟ್ ಕೀಲಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದು ಬಿಚ್ಚಿದೆ. ಮುಂದಿನ ಗ್ರಿಲ್ಲು, ರೇಡಿಯೇಟರ್, ಫ್ಯಾನು ತೆಗೆದ ಮೇಲೆ ಎಂಜಿನ್ ಮುಂದೆ ಕೈಯಾಡಿಸುವಷ್ಟು ಜಾಗ ಆಯಿತು. ಡೀಸೆಲ್ ಪೈಪು ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕಿದೆ. ಒಂದು ಚಿಟಿಕೆ ಮಣ್ಣು ಒಳಗೆ ಹೋದರೂ ಪಂಪಿಗೆ ಕೇಡು. ಡೈನಮೋ, ವ್ಯಾಕ್ಯೂಮ್ ಹೋಸು, ರೇಸ್ ಕೇಬಲ್, ಸೆಲ್ಫ್ ಮೋಟರ್ ಒಂದೊಂದಾಗಿ ಬಿಟ್ಟವು. ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಪೈಪಿನ ಸಮೇತ ಪಕ್ಕಕ್ಕೆ ಕಟ್ಟಿದೆ. ಪೈಪು ಬಿಚ್ಚದಿದ್ದರೆ ಆಮೇಲೆ ಅದರೊಳಗಿನ ಗಾಳಿ ತೆಗೆಯುವ ಕೆಲಸ ಇರುವುದಿಲ್ಲ.

ಸೈಲೆನ್ಸರ್ ಮ್ಯಾನಿಫೋಲ್ಡಿಗೆ ಸೇರುವ ಕಡೆ ನಟ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಎರಡು ದಿನ ಮೊದಲಿನಿಂದಲೇ ಬೆಳಿಗ್ಗೆ, ಸಂಜೆ ರಸ್ಟ್ ಸ್ಪ್ರೇ ಹೊಡೆದಿದ್ದೆ. ಇಂಥ ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ತುಕ್ಕು ಒಡೆಯುತ್ತದೆ. ಎರಡು ಹಾಗೆ ಬಂದವು. ಮೂರನೆಯದಕ್ಕೆ ಅವಸರ ಮಾಡಿದೆ, ಸ್ಟಡ್ ತುಂಡಾಯಿತು. ಲೇತಿನವರಿಗೆ ಅದೊಂದು ಕೆಲಸ ಹೆಚ್ಚಾಯಿತು.

ಬೋಲ್ಟುಗಳನ್ನು ಮೊಟ್ಟೆ ಟ್ರೇಯಲ್ಲಿ ಇಟ್ಟೆ. ಒಂದೊಂದು ಗುಳಿಗೆ ಒಂದೊಂದು ಚೀಟಿ. ಬೆಲ್ ಹೌಸಿಂಗಿನ ಬೋಲ್ಟುಗಳ ಉದ್ದ ಬೇರೆ ಬೇರೆ. ಅವಕ್ಕೆ ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ಅದೇ ಜಾಗದಲ್ಲಿ ಚುಚ್ಚಿಟ್ಟೆ. ಫೋಟೋ ತೆಗೆದದ್ದು ಸರಿ, ಆದರೆ ಜೋಡಿಸುವಾಗ ನಾನು ನೋಡಿದ್ದು ಈ ರಟ್ಟನ್ನೇ.

ಎತ್ತುವುದಕ್ಕೆ ಸಿಕ್ಕಿದ್ದು ಬೋರ್‌ವೆಲ್ ಮೋಟರ್ ಎತ್ತುವ ಗೆಳೆಯನ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಮತ್ತು 1 ಟನ್ ಎತ್ತುವ ಚೈನ್ ಬ್ಲಾಕ್ (ಸರಪಳಿಯ ರಾಟೆ). ಎರಡು ಕಾಲು ಗಾಡಿಯ ಅಕ್ಕಪಕ್ಕ, ಒಂದು ಮುಂದೆ. ಸಿಮೆಂಟಿನ ಮೇಲೆ ಕಾಲು ಜಾರುತ್ತದೆ. ಅದಕ್ಕೆ ಮೂರೂ ಕಾಲಿನ ಬುಡಕ್ಕೆ ಸರಪಳಿ ಸುತ್ತಿ ಒಂದಕ್ಕೊಂದು ಬಿಗಿದೆವು. ಗಾಡಿಯ ಅಡಿಯಲ್ಲಿ ಹಾದು ಹೋಗುವ ಸರಪಳಿಯ ಎರಡೂ ಬದಿಗೆ ಹಲಗೆ ಇಟ್ಟೆವು, ಚಕ್ರ ಸಲೀಸಾಗಿ ದಾಟಲಿ ಎಂದು.

ಎಲ್ಲ ನಿಂತ ಮೇಲೆ ನನಗೆ ದೊಡ್ಡ ಯೋಚನೆ ಹತ್ತಿತು. ಗ್ಯಾರೇಜಿನ ಕ್ರೇನಿಗೆ ಚಕ್ರ ಇರುತ್ತದೆ. ಎಂಜಿನ್ ಎತ್ತಿ ಮುಂದಕ್ಕೆ ಎಳೆಯಬಹುದು. ಈ ಸ್ಟ್ಯಾಂಡು ಎತ್ತುತ್ತದೆ ಅಷ್ಟೇ, ಅಲ್ಲಾಡುವುದಿಲ್ಲ. ಗೇರ್ ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ಒಳಗೆ ಇಳಿದಿರುತ್ತದೆ. ಎಂಜಿನ್ ಒಂದು ಗೇಣು ನೇರವಾಗಿ ಮುಂದೆ ಬರದೆ ಅದು ಕಳಚುವುದಿಲ್ಲ. ಹಾಗಿದ್ದರೆ ಎಂಜಿನ್ ನಿಂತಲ್ಲೇ ತೂಗಲಿ, ಗಾಡಿಯನ್ನೇ ಹಿಂದಕ್ಕೆ ತಳ್ಳೋಣ ಎಂದು ಹೊಳೆಯಿತು.

ಹೊಳೆದ ಕೂಡಲೇ ಒಂದು ತಪ್ಪೂ ಕಂಡಿತು. ಗೇರ್ ಬಾಕ್ಸಿಗೆ ಆಧಾರವಾಗಿ ನೆಲದ ಮೇಲೆ ಜಾಕಿ ಇಟ್ಟಿದ್ದೆ. ಗಾಡಿ ಹಿಂದೆ ಹೋದರೆ ಜಾಕಿ ಇದ್ದಲ್ಲೇ ಉಳಿಯುತ್ತದೆ, ಗೇರ್ ಬಾಕ್ಸ್ ಮೂತಿ ಕೆಳಗೆ ಬೀಳುತ್ತದೆ. ಆಧಾರ ಗಾಡಿಯ ಜೊತೆಗೇ ಬರಬೇಕು. ಎರಡೂ ಚಾಸಿ ಪಟ್ಟಿಗೆ ಸರಪಳಿ ಸುತ್ತಿ, ಅಡಿಯಲ್ಲಿ ಮತ್ತಿ ಮರದ ತುಂಡೊಂದನ್ನು ತೂಗು ಹಾಕಿದೆ. ಬೆಲ್ ಹೌಸಿಂಗ್ ಅದರ ಮೇಲೆ ಕೂರುವಂತೆ ಬೆಣೆ ಹೊಡೆದೆ. ಆಮೇಲೆಯೇ ಜಾಕಿ ತೆಗೆದದ್ದು. ಈ ಒಂದು ಕೆಲಸಕ್ಕೆ ಅರ್ಧ ದಿನ ಹೋಯಿತು. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲ ಎಂದು ಈಗಲೂ ಹೇಳುತ್ತೇನೆ.

ಮೂರನೇ ದಿನ ಬೆಳಿಗ್ಗೆ ಹೆಡ್ಡಿನ ಎರಡು ಕೊಂಡಿಗೆ ಸರಪಳಿ ಹಾಕಿದೆವು. ಫ್ಲೈವೀಲ್ ಕಡೆ ಭಾರ ಜಾಸ್ತಿ, ಆ ಬದಿಯ ಸರಪಳಿ ಗಿಡ್ಡ ಇರಬೇಕು. ಎರಡು ಸಲ ಬದಲಿಸಿದ ಮೇಲೆ ಮಟ್ಟಕ್ಕೆ ಬಂತು. ಎಂಜಿನ್ ಚಾಸಿಯ ಮೇಲೆ ಕೂರುವ ಫೌಂಡೇಶನ್ನಿನ ಬೋಲ್ಟು ತೆಗೆದು, ಎಂಜಿನನ್ನು ಅದರ ರಬ್ಬರಿನಿಂದ ಎರಡು ಬೆರಳು ಮೇಲೆತ್ತಿ, ಗೇರ್ ಬಾಕ್ಸಿನ ಬೆಣೆಯನ್ನೂ ಅಷ್ಟೇ ಏರಿಸಿದೆ. ಗೇರು ನ್ಯೂಟ್ರಲ್. ತಮ್ಮ ಮತ್ತು ಗೆಳೆಯ ಮುಂದಿನ ಚಕ್ರಗಳ ಬುಡಕ್ಕೆ ಹಾರೆ ಕೊಟ್ಟು ಮೀಟಿದರು. ಎಂಜಿನ್ ಗಾಡಿಯ ಜೊತೆಗೇ ಹಿಂದಕ್ಕೆ ವಾಲಿತು. ಬಿಡಲೇ ಇಲ್ಲ.

ಜೋಡಣೆಯ ಸಂದಿಗೆ ಹಾರೆ ಕೊಟ್ಟು ಮೀಟೋಣ ಎಂದು ತಮ್ಮ ಹೇಳಿದ. ಬೇಡ ಎಂದೆ. ಎರಕದ ಹೌಸಿಂಗಿನ ಅಂಚು ಬಿರುಕು ಬಿಟ್ಟರೆ ಮುಗಿಯಿತು, ಅಲ್ವಾ? ಗಾಡಿಯನ್ನು ಮತ್ತೆ ಮುಂದಕ್ಕೆ ತಂದು, ಸರಪಳಿ ಸಡಿಲಿಸಿ, ಭಾರವನ್ನು ಫೌಂಡೇಶನ್ ಮೇಲೆ ಕೂರಿಸಿದೆವು. ಚಹಾ ಕುಡಿದು ಬಂದು ಮಗಳ ಕೈಯಿಂದ ಸಣ್ಣ ಕನ್ನಡಿ ತರಿಸಿ, ಟಾರ್ಚ್ ಬಿಟ್ಟು ನೋಡಿದೆ. ಹೌಸಿಂಗಿನ ತುತ್ತ ತುದಿಯಲ್ಲಿ, ಕ್ಯಾಬಿನ್ ಗೋಡೆಯ ಮರೆಯಲ್ಲಿ, ಜಿಡ್ಡಿನಲ್ಲಿ ಹೂತು ಒಂದು ಬೋಲ್ಟು ಹಾಗೇ ಉಳಿದಿತ್ತು. ಪಕ್ಕದಲ್ಲೇ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಕೂಡ. ನನ್ನ ರಟ್ಟಿನ ಮೇಲೆ ಆ ಜಾಗ ಖಾಲಿ ಇತ್ತು. ಅದನ್ನು ಮೊದಲೇ ನೋಡಬೇಕಿತ್ತು.

ಅದು ಬಿಟ್ಟ ಮೇಲೆ ಹಾರೆಯ ನಾಲ್ಕೇ ಮೀಟಿಗೆ ಎಂಜಿನ್ ಮತ್ತು ಹೌಸಿಂಗ್ ನಡುವೆ ಬೆಳಕು ಕಂಡಿತು. ಗೆಳೆಯ ಇಂಚಿಂಚು ಮೀಟುತ್ತಾ ಹೋದ. ನಾನು ಪಕ್ಕದಿಂದ ಸಂದಿಯನ್ನೇ ನೋಡುತ್ತಿದ್ದೆ. ಮೇಲೆ ಕೆಳಗೆ ಸಂದಿ ಸಮ ಇದ್ದರೆ ಶಾಫ್ಟಿನ ಮೇಲೆ ಭಾರ ಇಲ್ಲ ಎಂದು ಅರ್ಥ. ಶಾಫ್ಟು ಪೂರ್ತಿ ಕಳಚಿದ ಮೇಲೆ ಎಂಜಿನನ್ನು ಮೇಲೆತ್ತಿದೆವು. ಎಂಜಿನ್ ಅಡಿಯ ಆಯಿಲ್ ಚೇಂಬರ್ ಚಾಸಿಯ ಮುಂದಿನ ಅಡ್ಡಪಟ್ಟಿಯನ್ನು ದಾಟಿತು. ಗಾಡಿಯನ್ನು ಪೂರ್ತಿ ಹಿಂದೆ ತಳ್ಳಿದೆವು. ತೂಗುವ ಎಂಜಿನ್ ಕೆಳಗೆ ಯಾರೂ ಕೈ, ಕಾಲು ಇಡಬಾರದು ಎಂದು ಮೊದಲೇ ಹೇಳಿದ್ದೆ. ಮಗಳನ್ನು ಜಗಲಿಯಿಂದ ಇಳಿಯಲು ಬಿಡಲಿಲ್ಲ. ಹಳೆ ಟೈರು, ಮರದ ತುಂಡು ಇಟ್ಟು, ಚೇಂಬರಿಗೆ ಭಾರ ಬೀಳದ ಹಾಗೆ ಇಳಿಸಿದೆವು. ಈ ಎತ್ತುವ ಕೆಲಸ ಮುಗಿದದ್ದು ಅರ್ಧ ಗಂಟೆಯಲ್ಲಿ.

ಕ್ಲಚ್ ಪ್ಲೇಟ್ ಬಿಚ್ಚಿದರೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಎಂಜಿನ್ ಗೂಡ್ಸ್ ಆಟೋದಲ್ಲಿ ಶಿವಮೊಗ್ಗಕ್ಕೆ ಹೋಯಿತು. ಅದು ಬರುವಷ್ಟರಲ್ಲಿ ಖಾಲಿಯಾದ ಜಾಗದಲ್ಲಿ ಚಾಸಿ ಕೆರೆದು ರೆಡ್ ಆಕ್ಸೈಡ್ ಬಳಿದೆ, ಫೌಂಡೇಶನ್ ರಬ್ಬರು ಹೊಸದು ತಂದೆ.

ಮತ್ತೆ ಕೂರಿಸುವಾಗ ಹೊಸ ಕ್ಲಚ್ ಪ್ಲೇಟ್ ನಡುಮಧ್ಯಕ್ಕೆ ನಿಲ್ಲಬೇಕಲ್ಲ. ಅದಕ್ಕೆ ಊರಿನ ಬಡಗಿಯ ಹತ್ತಿರ ಶಾಫ್ಟಿನ ಅಳತೆಗೆ ಮರದ ಗೂಟವೊಂದನ್ನು ಕಡೆಸಿಕೊಂಡೆ. ಈ ಸಲ ಗಾಡಿಯನ್ನು ಮುಂದಕ್ಕೆ ಮೀಟಿದೆವು. ಶಾಫ್ಟು ಎರಡನೇ ಯತ್ನಕ್ಕೆ ಒಳಗೆ ಇಳಿಯಿತು. ಕನ್ನಡಿ ಹಿಡಿದು ಮೊದಲು ಹಾಕಿದ್ದು ಆ ಮೇಲಿನ ಬೋಲ್ಟನ್ನೇ.