ಅಡಿಕೆ ಸುಲಿತದ ಕೈನೋವು: ಫಿಸಿಯೋಥೆರಪಿ ಕೊಠಡಿಯ ಅನುಭವ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಹೆಬ್ಬೆರಳ ಬುಡ ಹಿಡಿದುಕೊಂಡು ನನ್ನಲ್ಲಿಗೆ ಬರುವ ಹೆಂಗಸರು ಹೆಚ್ಚುತ್ತಾರೆ. ಅವರು ಚಾಚುವ ಎಕ್ಸ್‌-ರೇಯನ್ನು ಬದಿಗಿಟ್ಟು, "ಮೆಟ್ಟುಗತ್ತಿಯ ಮುಂದೆ ಹೇಗೆ ಕೂರುತ್ತೀರಮ್ಮಾ, ಕಾಯಿ ಹೇಗೆ ಹಿಡಿಯುತ್ತೀರಿ, ಮಾಡಿ ತೋರಿಸಿ" ಎನ್ನುತ್ತೇನೆ. ಹೆಬ್ಬೆರಳು ಬಿಗಿಹಿಡಿದಿರುತ್ತದೆ, ಮಣಿಕಟ್ಟು ಕಿರುಬೆರಳ ಕಡೆಗೆ ವಾಲಿರುತ್ತದೆ. ಕೂಲಿ ಡಬ್ಬದ ಲೆಕ್ಕದಲ್ಲಿ. ಹಾಗಾಗಿ ರಾತ್ರಿಯವರೆಗೂ ಅದೇ ಚಲನೆ.

ಹೆಬ್ಬೆರಳನ್ನು ಆಡಿಸುವ ಎರಡು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಹುರಿಗಳು) ಮಣಿಕಟ್ಟಿನ ಬದಿಯಲ್ಲಿ ಇಕ್ಕಟ್ಟಾದ ಒಂದೇ ಸುರಂಗದೊಳಗೆ ಹಾದುಹೋಗುತ್ತವೆ. ತಿಕ್ಕಾಟಕ್ಕೆ ಅದರ ಹೊದಿಕೆ ದಪ್ಪವಾದಾಗ ನೋವು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಡಿ ಕೆರ್ವೇನ್ ಹೆಸರೇ ಕಾಯಿಲೆಗೂ ಉಳಿದಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಕೈಯನ್ನು ಕಿರುಬೆರಳ ಕಡೆಗೆ ಮೆಲ್ಲನೆ ಬಾಗಿಸುತ್ತೇನೆ. ಸರಕ್ಕನೆ ಕೈ ಎಳೆದುಕೊಂಡರೆ ಬಹುಮಟ್ಟಿಗೆ ಅದೇ. ಮಗುವನ್ನು ಪದೇ ಪದೇ ಎತ್ತುವ ಬಾಣಂತಿಯರಲ್ಲೂ ಇದನ್ನು ಕಾಣುತ್ತೇನೆ.

"ಸುಲಿಯುವುದು ಬಿಟ್ಟರೆ ಕೂಲಿ ಯಾರು ಕೊಡುತ್ತಾರೆ ಡಾಕ್ಟರೇ?" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹೆಬ್ಬೆರಳನ್ನು ಅಲುಗದಂತೆ ಹಿಡಿಯುವ ಪಟ್ಟಿ ಕೊಡುತ್ತೇನೆ, ಕೆಲವು ವಾರ ಬೇರೆ ಕೆಲಸಕ್ಕೆ ಬದಲಾಯಿಸಿಕೊಳ್ಳಲು ಮನೆಯವರಿಗೇ ಹೇಳುತ್ತೇನೆ. ಊದಿದ ಜಾಗವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದನ್ನು ಮಾತ್ರ ಒಪ್ಪುವುದಿಲ್ಲ. ಇಷ್ಟಕ್ಕೂ ಇಳಿಯದಿದ್ದರೆ ಮೂಳೆ ವೈದ್ಯರ ಬಳಿ ಕಳುಹಿಸುತ್ತೇನೆ. ಸುರಂಗದೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಇಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಎಲ್ಲ ಕಡೆಯ ನೋವಿಗೂ ಇದೇ ಮದ್ದಲ್ಲ. ರಾಕೆಟ್ ಮುಟ್ಟದವರಿಗೂ ಬರುವ ಟೆನಿಸ್ ಎಲ್ಬೋದಲ್ಲಿ, ಅಂದರೆ ಮೊಣಕೈಯ ಹೊರಬದಿಯ ರಜ್ಜುವಿನ ನೋವಿನಲ್ಲಿ, ಚುಚ್ಚುಮದ್ದು ಮೊದಲು ಹಾಯೆನಿಸುತ್ತದೆ, ತಿಂಗಳುಗಳ ಮೇಲೆ ನೋವು ಮರಳುವುದೇ ಹೆಚ್ಚು. ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ರಜ್ಜುವಿನ ನಾರುಗಳ ಸವೆತವೇ ದೊಡ್ಡದು. ವಿಶ್ರಾಂತಿಯೊಂದರಿಂದ ಅದು ಗಟ್ಟಿಯಾಗದು, ಹಂತಹಂತವಾಗಿ ಭಾರ ಕೊಡಬೇಕು. ಬೆರಳು ಮಡಚಿ ಸಿಕ್ಕಿಕೊಂಡು ಟಕ್ಕನೆ ಬಿಡುವ ಟ್ರಿಗರ್ ಫಿಂಗರ್ ಕಂಡರೆ ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳುತ್ತೇನೆ, ಮಧುಮೇಹಿಗಳಲ್ಲಿ ಅದು ಹೆಚ್ಚು.

ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ ನೋವಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಕಲಿಸುತ್ತೇನೆ: ಹದಿನೈದರಂತೆ ಮೂರು ಸುತ್ತು, ದಿನಕ್ಕೆರಡು ಬಾರಿ, 12 ವಾರ. ಅದಕ್ಕೂ ಮೊದಲು ಒಂದು ಪ್ರಶ್ನೆ ತಪ್ಪಿಸುವುದಿಲ್ಲ: ಇತ್ತೀಚೆಗೆ ಜ್ವರಕ್ಕೋ ಮೂತ್ರದ ಸೋಂಕಿಗೋ ಸಿಪ್ರೋಫ್ಲಾಕ್ಸಾಸಿನ್‌ನಂಥ ಮಾತ್ರೆ ತೆಗೆದುಕೊಂಡಿದ್ದೀರಾ? ಆ ಗುಂಪಿನ ಔಷಧಗಳಿಂದ ಈ ರಜ್ಜು ಹರಿಯುವ ಅಪಾಯವಿದೆ. ಹೌದೆಂದರೆ ವ್ಯಾಯಾಮ ಶುರುಮಾಡಿಸದೆ, ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿಗೆ ಮೊದಲು ಕಳುಹಿಸುತ್ತೇನೆ.