ಗದ್ದೆ ಕೊಯ್ದ ಮೇಲೆ ರೈ ಹುಲ್ಲು ಬಿತ್ತಿ, ದನ ಕಾಡಿಗೆ ಹೋಗೋದು ತಪ್ಪಿಸಿ

ನಮ್ಮ ಕಡೆ ಡಿಸೆಂಬರ್ ಬಂತಂದ್ರೆ ದನ ಮೇಯೋ ಬ್ಯಾಣದಲ್ಲಿ ಹಸಿರು ಅನ್ನೋದೇ ಇರಲ್ಲ, ಕರಡದ ಹುಲ್ಲು ಒಣಗಿ ನಿಂತಿರ್ತದೆ, ದನ ಅದನ್ನ ಮೂಸಿ ನೋಡಿ ಸೀದಾ ಕಾಡಿನ ಕಡೆ ಮುಖ ಮಾಡ್ತವೆ. ಕಾಡಲ್ಲಿ ಮರಿ ಉಣುಗಿನ ಕಾಟ ಶುರುವಾಗೋದೂ ಆವಾಗ್ಲೇ. ಈ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ದೊಡ್ಡ ಉಣುಗು ರಕ್ತ ಕುಡಿದು ಬಲಿಯೋದು ದನದ ಮೈ ಮೇಲೆ, ಆಮೇಲೆ ಅದು ಕೆಳಗೆ ಬಿದ್ದು ಮೊಟ್ಟೆ ಇಡ್ತದೆ, ದನದ ಹಿಂದೆ ಒಣ ಎಲೆಯ ದರಕಿನಲ್ಲಿ ಓಡಾಡಿದ ಮನುಷ್ಯರಿಗೆ ಹತ್ತೋದು ಮರಿ ಉಣುಗು. ಹಾಗಾಗಿ ನಾನು ಚಳಿಗಾಲದ ಹುಲ್ಲು ಬೆಳೀರಿ ಅಂತ ಎಲ್ಲರಿಗೂ ಹೇಳೋದು ಬರೀ ಹಾಲಿನ ಲೆಕ್ಕಕ್ಕಲ್ಲ. ಡಿಸೆಂಬರ್ ಕೊನೆ, ಜನವರಿಯಿಂದ ಮಾರ್ಚ್ ತನಕ ದನ ಮನೆ ಮುಂದಿನ ಗದ್ದೇಲೇ ಹೊಟ್ಟೆ ತುಂಬಿಸಿಕೊಂಡ್ರೆ ಅವನ್ನ ಹುಡುಕಿಕೊಂಡು ಕಾಡಿನ ಹಳುವಿಗೆ ನುಗ್ಗೋ ಕೆಲಸ ಅಷ್ಟು ಕಮ್ಮಿ ಆಗ್ತದೆ.

ಮೊದಲು ಬೀಜದ ವಿಷಯ. ರೈ ಅಂತ ಒಂದು ಧಾನ್ಯ ಇದೆ, ಅದು ಬೇರೆ, ಇದು ರೈ ಗ್ರಾಸ್ ಅಂತ ಹುಲ್ಲು. ಇದರಲ್ಲೂ ವರ್ಷಕ್ಕೊಮ್ಮೆ ಬಿತ್ತೋದು ಒಂದು, ಬಹುವಾರ್ಷಿಕ ಇನ್ನೊಂದು. ನಮಗೆ ಬೇಕಾಗಿದ್ದು ಒಂದು ವರ್ಷದ್ದು, ಇಟಾಲಿಯನ್ ರೈ ಅಂತಾರೆ. ಅಂಗಡೀಲಿ ಮಖನ್ ಗ್ರಾಸ್ ಅಂತ ಕೊಡೋದೂ ಇದೇ ಜಾತಿಯ ಹುಲ್ಲು. ಬಹುವಾರ್ಷಿಕದ್ದು ತಂದ್ರೆ ನಮ್ಮ ಏಪ್ರಿಲ್ ಬಿಸಿಲು ತಡೆಯಲ್ಲ, ದುಡ್ಡು ದಂಡ. ಲಾನ್‌ಗೆ ಅಂತ ಮಾರೋ ರೈ ಬೀಜ ಮಾತ್ರ ಯಾವ ಕಾರಣಕ್ಕೂ ತರಬೇಡಿ, ಅಂಥ ಬೀಜದೊಳಗೆ ಎಷ್ಟೋ ಸಲ ಒಂದು ಫಂಗಸ್ ಇರ್ತದೆ, ಆ ಹುಲ್ಲು ಮೇದ ದನಕ್ಕೆ ಮೈ ನಡುಗಿ ತೂರಾಡೋ ರೋಗ ಬರಬಹುದು. ನಾನು ಒಂದು ವರ್ಷ ಪೇಟೆ ಅಂಗಡಿಯಿಂದ ತಂದ ಬೀಜ ಅರ್ಧಕ್ಕರ್ಧ ಹುಟ್ಟಲೇ ಇಲ್ಲ, ಹಳೇ ಸ್ಟಾಕು. ಆವತ್ತಿಂದ ನೂರು ಬೀಜ ಎಣಿಸಿ ಒದ್ದೆ ಬಟ್ಟೇಲಿ ಸುತ್ತಿ ಎಂಟು ದಿನ ಇಟ್ಟು ನೋಡ್ತೀನಿ, ಎಂಬತ್ತಾದ್ರೂ ಮೊಳಕೆ ಬಂದ್ರೆ ಬಿತ್ತೋದು, ಇಲ್ಲಾಂದ್ರೆ ವಾಪಸ್.

ಜಾಗ ಯಾವುದು ಅಂದ್ರೆ ಬೈಲುಗದ್ದೆ, ಅದೂ ಕೆರೆದೋ ಹಳ್ಳದ್ದೋ ನೀರು ಬರೋವಂಥದ್ದು. ಬ್ಯಾಣಕ್ಕೆ ಇದನ್ನ ಹಾಕೋಕೆ ಹೋಗಬೇಡಿ. ಜಂಬಿಟ್ಟಿಗೆ ಮಣ್ಣಲ್ಲಿ ನವೆಂಬರ್ ಮುಗಿಯೋದರೊಳಗೆ ತೇವ ಆರಿರ್ತದೆ, ಹುಟ್ಟಿದ್ದೂ ಸಾಯ್ತದೆ. ಬ್ಯಾಣ ಸುಧಾರಿಸಬೇಕು ಅಂದ್ರೆ ಜೂನ್ ಮಳೆಗೆ ಗಿನಿ ಹುಲ್ಲೋ ಸಿಗ್ನಲ್ ಹುಲ್ಲೋ ಬೇರು ಸಮೇತ ನೆಟ್ಟು ನಡುವೆ ಸ್ಟೈಲೋ ಅನ್ನೋ ದ್ವಿದಳ ಮೇವಿನ ಬೀಜ ಎರಚೋದು ಸರಿ, ಅದು ಬೇರೆಯೇ ಕೆಲಸ.

ಬಿತ್ತೋ ಟೈಮು ಭತ್ತ ಕೊಯ್ದ ಕೂಡಲೇ. ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಮೊದಲ ವಾರದೊಳಗೆ ಮುಗಿಸಿ, ಅದಕ್ಕಿಂತ ಲೇಟಾದ್ರೆ ಒಂದು ಮೇವು, ಅಂದ್ರೆ ಒಂದು ಸಲ ಮೇಯಿಸೋದು, ಹೋಯ್ತು ಅಂತಲೇ ಲೆಕ್ಕ, ಯಾಕಂದ್ರೆ ಈ ಹುಲ್ಲಿಗೆ ಬೇಕಾಗಿದ್ದು 18ರಿಂದ 25 ಡಿಗ್ರಿ, ನಮ್ಮಲ್ಲಿ ರಾತ್ರಿ ಚಳಿ, ಇಬ್ಬನಿ ಇರೋವರೆಗಷ್ಟೇ ಅದರ ಆಟ. ಕೊಯ್ದ ಗದ್ದೇಲಿ ತೇವ ಇರೋವಾಗಲೇ ಒಂದು ಸಾಲು ಟಿಲ್ಲರ್ ಹೊಡೆದು ಕೊರಡು ಎಳೆದುಬಿಡಿ, ಮಣ್ಣು ಹೆಂಟೆ ಹೆಂಟೆ ಇರಬಾರದು. ಎಕರೆಗೆ ಎರಡು ಮೂರು ಗಾಡಿ ಕೊಟ್ಟಿಗೆ ಗೊಬ್ಬರ ಮೊದಲೇ ಸೇರಿಸಿ. ನಮ್ಮ ಮಣ್ಣು ಹುಳಿ, ಪಿಹೆಚ್ 5.5ಕ್ಕಿಂತ ಕೆಳಗಿದ್ರೆ ಹುಲ್ಲು ಹಳದಿಯಾಗಿ ಕೂತುಬಿಡ್ತದೆ, ಮಣ್ಣು ಟೆಸ್ಟ್ ಮಾಡಿಸಿ ಎಷ್ಟು ಸುಣ್ಣ ಅಂತ ಕೇಳಿಕೊಂಡು ಹಿಂದಿನ ಬೇಸಿಗೇಲೇ ಹಾಕಿಟ್ಟಿರಬೇಕು.

ಬೀಜ ಎಕರೆಗೆ 8ರಿಂದ 10 ಕೆಜಿ, ಮೇಯಿಸೋಕೆ ದಟ್ಟ ಬೇಕಲ್ಲ ಅದಕ್ಕೆ. ಕೊಯ್ದು ತಂದು ಹಾಕೋರಿಗೆ ಅದರ ಅರ್ಧ ಸಾಕು. ಬೀಜ ತೀರಾ ಹಗುರ, ಗಾಳಿಗೆ ಹಾರ್ತದೆ, ಅದಕ್ಕೆ ಐದು ಪಾಲು ತೇವದ ಮಣ್ಣು ಕಲೆಸಿ ಅರ್ಧ ಉದ್ದಕ್ಕೆ, ಇನ್ನರ್ಧ ಅಡ್ಡಕ್ಕೆ ಎರಚಿ. ಆಮೇಲೆ ಮುಚ್ಚೋದರಲ್ಲೇ ಹೆಚ್ಚಿನವರು ತಪ್ಪೋದು. ಟಿಲ್ಲರ್ ಮತ್ತೆ ಹೊಡೀತಾರೆ, ಬೀಜ ನಾಲ್ಕು ಬೆರಳು ಆಳಕ್ಕೆ ಹೋಗ್ತದೆ, ಮೇಲೆ ಬರೋ ಶಕ್ತಿ ಅಷ್ಟು ಸಣ್ಣ ಬೀಜಕ್ಕೆಲ್ಲಿ ಬರಬೇಕು. ಒಂದು ಸೆಂಟಿಮೀಟರ್ ಮಣ್ಣು ಸಾಕು. ಮುಳ್ಳಿನ ಕೊಂಬೆ ಕಟ್ಟಿ ಮೆತ್ತಗೆ ಎಳೆದು ಮೇಲೆ ಬರೀ ಹಲಗೆ ಹಾಯಿಸಿ, ಮಣ್ಣಿಗೆ ಬೀಜ ಒತ್ತಿ ಕೂರಬೇಕು ಅಷ್ಟೆ. ಇರುವೆ ಹೊತ್ತೊಯ್ಯೋದು, ನವಿಲು ಕೆದಕೋದು ಮೊದಲ ವಾರವೇ ಜಾಸ್ತಿ, ಬೆಳಿಗ್ಗೆ ಸಂಜೆ ಒಂದು ಸುತ್ತು ಹೋಗಿ ಬನ್ನಿ.

ನೀರು ಕಟ್ಟಿ ನಿಲ್ಲಿಸಬೇಡಿ, ಅಡಿಕೆ ತೋಟದ ಸ್ಪ್ರಿಂಕ್ಲರ್ ಜೆಟ್ ಇದ್ರೆ ಅದನ್ನೇ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಬಿಡಿ, ಐದರಿಂದ ಹತ್ತು ದಿನದಲ್ಲಿ ಕೂದಲಿನಂಗೆ ಏಳ್ತದೆ. ಬೇರು ಇಳಿದ ಮೇಲೆ ವಾರ ಹತ್ತು ದಿನಕ್ಕೊಮ್ಮೆ ಸಾಕು.

ಬೇಲಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ. ಸುಗ್ಗಿ ಮುಗಿದ ಮೇಲೆ ಊರ ದನ ಎಲ್ಲಾ ಗದ್ದೆಗೆ ಬಿಡೋದು ನಮ್ಮಲ್ಲಿ ಹಿಂದಿಂದ ಬಂದ ರೂಢಿ, ಯಾರದ್ದು ಅಂತ ಯಾರೂ ನೋಡಲ್ಲ. ನೀವೊಬ್ರೇ ಹಸಿರು ಬೆಳೆದ್ರೆ ಅಷ್ಟೂ ದನ ನಿಮ್ಮ ಗದ್ದೆಗೇ. ಅದಕ್ಕೆ ಬಿತ್ತೋಕೆ ಮುಂಚೆನೇ ಅಕ್ಕಪಕ್ಕದ ಮನೆಯೋರಿಗೆ ಹೇಳಿ, ಸಾಧ್ಯ ಆದ್ರೆ ಅವರನ್ನೂ ಸೇರಿಸಿಕೊಂಡು ಒಂದೇ ಬೈಲಲ್ಲಿ ಮೂರ್ನಾಲ್ಕು ಜನ ಬಿತ್ತಿ, ಸುತ್ತ ಒಂದೇ ಸೋಲಾರ್ ಬೇಲಿ ಸಾಕಾಗ್ತದೆ, ಖರ್ಚು ಹಂಚಿಹೋಗ್ತದೆ, ಜಗಳವೂ ಇಲ್ಲ.

ಯಾವಾಗ ದನ ಬಿಡೋದು ಅಂತ ಎಲ್ಲರೂ ಕೇಳ್ತಾರೆ. ಬರೀ ದಿನ ಎಣಿಸಿ ಬಿಡಬೇಡಿ. ಬಿತ್ತಿ 45-50 ದಿನ ಆದ ಮೇಲೆ ಗದ್ದೆಗೆ ಇಳಿದು ಒಂದು ಹಿಡಿ ಹುಲ್ಲನ್ನ ದನ ನಾಲಿಗೇಲಿ ಸುತ್ತಿ ಎಳೀತದಲ್ಲ ಹಂಗೆ ಜಗ್ಗಿ ನೋಡಿ. ಎಲೆ ಹರಿದು ಬಂದ್ರೆ ಬಿಡಬಹುದು, ಬೇರು ಸಮೇತ ಕಿತ್ತು ಬಂದ್ರೆ ಇನ್ನೂ ವಾರ ಕಾಯಿರಿ. ಒಂದು ಗೇಣು ಎತ್ತರ ಇರಬೇಕು, ಮೇದ ಮೇಲೆ ನಾಲ್ಕು ಬೆರಳು ಉಳಿಯಬೇಕು, ಯಾಕಂದ್ರೆ ಮತ್ತೆ ಚಿಗುರೋ ಶಕ್ತಿಯೆಲ್ಲಾ ಆ ಬುಡದ ಕಾಂಡದಲ್ಲೇ ಇರೋದು. ಎರಡನೇ ಸಲಕ್ಕೆ ಎಲೆ ಎಣಿಸಿ. ರೈ ಹುಲ್ಲಿನ ಒಂದು ಕವಲಲ್ಲಿ ಜೀವ ಇರೋದು ಮೂರೇ ಎಲೆ, ನಾಲ್ಕನೇದು ಬರೋ ಹೊತ್ತಿಗೆ ಮೊದಲನೇದು ಹಳದಿಯಾಗಿ ಸಾಯ್ತದೆ. ಹಾಗಾಗಿ ಮೂರು ಎಲೆ ತುಂಬಿದಾಗ ಬಿಡೋದು, ನಮ್ಮಲ್ಲಿ ಅದು 25-30 ದಿನಕ್ಕೆ ಆಗ್ತದೆ. ಇಡೀ ಗದ್ದೆ ಒಟ್ಟಿಗೆ ಬಿಟ್ರೆ ಮೇಯೋದಕ್ಕಿಂತ ತುಳಿಯೋದೇ ಹೆಚ್ಚು. ಅಂಚಿಂದ ಅಂಚಿಗೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿ ಮಾಡಿ, ದಿನಕ್ಕೆ ಒಂದು ಗುಂಟೆ ಕೊಟ್ರೂ ಒಂದು ಸುತ್ತು ಮುಗಿಯೋ ಹೊತ್ತಿಗೆ ಮೊದಲನೇ ಪಟ್ಟಿ ಮತ್ತೆ ಎದ್ದಿರ್ತದೆ. ನಮ್ಮ ನಾಟಿ ದನ ಮಲೆನಾಡು ಗಿಡ್ಡಕ್ಕೆ ಇದು ಹೇಳಿ ಮಾಡಿಸಿದ್ದು, ಮೈ ಹಗುರ, ಹಸಿ ಗದ್ದೇಲೂ ಗೊರಸು ಹೂತು ಗುಂಡಿ ಮಾಡಲ್ಲ. ಜೆರ್ಸಿ, ಎಚ್‌ಎಫ್ ಥರದ ಭಾರದ ದನ ಇದ್ರೆ ನೀರು ಬಿಟ್ಟು ಎರಡು ದಿನ ಆರಿದ ಪಟ್ಟಿಗೆ ಮಾತ್ರ ಬಿಡಿ.

ಹಸಿದ ದನಾನ ಸೀದಾ ಬಿಡಬೇಡಿ. ಈ ಹುಲ್ಲಲ್ಲಿ ನೀರೇ ನೂರಕ್ಕೆ 80-85 ಭಾಗ, ಸಗಣಿ ತೆಳ್ಳಗಾಗ್ತದೆ. ಬೆಳಿಗ್ಗೆ ಮೊದಲು ಒಂದು ಸೂಡಿ ಭತ್ತದ ಹುಲ್ಲು ಹಾಕಿ, ಇಬ್ಬನಿ ಆರಿದ ಮೇಲೆ ಬಿಡಿ, ಮೊದಲ ವಾರ ಒಂದು ಗಂಟೆ, ಆಮೇಲೆ ಜಾಸ್ತಿ ಮಾಡ್ತಾ ಹೋಗಿ. ಕರು ಹಾಕಿ ಸ್ವಲ್ಪ ದಿನ ಆದ ಹಾಲಿನ ಹಸುವಿಗೆ ಮಿನರಲ್ ಮಿಕ್ಸ್ಚರ್ ತಪ್ಪಿಸಲೇಬೇಡಿ, ಎಳೆ ರೈ ಹುಲ್ಲಲ್ಲಿ ಮೆಗ್ನೀಷಿಯಂ ಕಮ್ಮಿ, ಅದು ಕಮ್ಮಿಯಾದ್ರೆ ಹಸು ಇದ್ದಕ್ಕಿದ್ದಂಗೆ ನಡುಗಿ ಬಿದ್ದುಬಿಡ್ತದೆ, ಹಂಗೇನಾದ್ರೂ ಕಂಡ್ರೆ ಆ ಕ್ಷಣವೇ ಡಾಕ್ಟ್ರಿಗೆ ಫೋನ್ ಮಾಡಿ. ಪ್ರತಿ ಮೇವಿನ ಮಾರನೇ ದಿನ ಆ ಪಟ್ಟಿಗೆ ಗೋಬರ್ ಗ್ಯಾಸಿನ ಸ್ಲರಿ ನೀರು ಬೆರೆಸಿ ಬಿಡಿ, ಅದಿಲ್ಲದಿದ್ರೆ ಎಕರೆ ಲೆಕ್ಕದಲ್ಲಿ 20-25 ಕೆಜಿ ಯೂರಿಯಾ. ಯೂರಿಯಾ ಹಾಕಿ ಮೂರು ವಾರ ಆಗದೆ ದನ ಬಿಡಬಾರದು, ನೈಟ್ರೇಟ್ ವಿಷ ಆಗೋ ಭಯ ಇದೆ.

ಸರಿಯಾಗಿ ಮಾಡಿದ್ರೆ ಮೂರು ಮೇವು ಸಿಗ್ತದೆ, ನೀರು ಚೆನ್ನಾಗಿದ್ದು ಚಳಿ ಫೆಬ್ರವರಿ ಕೊನೇವರೆಗೂ ಇದ್ರೆ ಇನ್ನೊಂದು. ಮಾರ್ಚಲ್ಲಿ ಬಿಸಿಲು 35 ದಾಟಿದ ಮೇಲೆ ತೆನೆ ಬರೋಕೆ ನೋಡ್ತದೆ, ಆಗ ಕಾಯೋದು ಬೇಡ, ಬುಡಕ್ಕೇ ಮೇಯಿಸಿಬಿಡಿ, ಕೂಳೆ ಬೇರು ಹಂಗೇ ಇರಲಿ, ಮೇ ತಿಂಗಳ ಅಡ್ಡಮಳೆಗೆ ಹೂಡಿದ್ರೆ ಭತ್ತದ ಗದ್ದೆಗೆ ಅಲ್ಲೇ ಗೊಬ್ಬರ.